ಬಿಡದಿಯ ಇಡ್ಲಿಯೂ ಕೌಟಿಲ್ಯನ ಕಿಣ್ವವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಬಿಡದಿಯ ಹೆಸರು ಬಂದೊಡನೆ ಪ್ರಯಾಣಿಕರ ನೆನಪಿಗೆ ಬರುವುದು ತಟ್ಟೆ ಇಡ್ಲಿ. ತಟ್ಟೆಯಷ್ಟು ಅಗಲವಾಗಿ, ಅರಳೆಯಂತೆ ಮೃದುವಾಗಿ, ಮೇಲೊಂದು ತುಣುಕು ಬೆಣ್ಣೆಯನ್ನು ಹೊತ್ತುಬರುವ ಈ ತಿಂಡಿಯನ್ನು ಮೆಚ್ಚದವರು ವಿರಳ. ಅಲ್ಲಿಂದ ಮಾಗಡಿ, ರಾಮನಗರ, ಕನಕಪುರಗಳ ಸೀಮೆಗೆ ಹೊರಟರೆ ದಾರಿಯ ಎರಡು ಕಡೆಯೂ ರಾಗಿಯ ಹೊಲಗಳು. ಹಳ್ಳಿಯ ಮನೆಗಳಲ್ಲಿ ಹುಳಿಯಂಬಲಿ. ಕೈಗೂಸಿರುವ ಮನೆಗಳಲ್ಲಿ ಮೊಳಕೆ ಬರಿಸಿದ ರಾಗಿಯ ಹಿಟ್ಟು. ಇವುಗಳಲ್ಲಿ ಯಾವುದನ್ನೂ ಯಾರೂ ಮದ್ಯವೆಂದು ಎಣಿಸುವುದಿಲ್ಲ, ಎಣಿಸತಕ್ಕದ್ದೂ ಅಲ್ಲ. ಆದರೆ ಬಿಯರು ಎಂಬ ಪಾನೀಯವನ್ನು ಮನೆಯಲ್ಲಿ ಮಾಡುವುದಕ್ಕೆ ಮುಖ್ಯವಾಗಿ ಯಾವ ವಿದ್ಯೆ ಬೇಕೋ ಅದು ಈ ಮೂರು ಪಾತ್ರೆಗಳಲ್ಲಿ ಹಂಚಿಹೋಗಿದೆ. ವಿದ್ಯೆಯು ಮನೆಯಲ್ಲಿಯೇ ಉಳಿದು ಪಾನೀಯವು ಮಾತ್ರ ಮನೆಯಿಂದ ಹೊರಟುಹೋದುದು ಹೇಗೆ, ಅದನ್ನು ಹೊರಡಿಸಿದವರು ಯಾರು ಎಂಬುದೇ ನಾವು ಇಂದು ವಿಚಾರಮಾಡತಕ್ಕ ವಿಷಯ.

ಮೊದಲು ಈ ವಿದ್ಯೆಯ ಸ್ವರೂಪವನ್ನು ತಿಳಿಯೋಣ. ಧಾನ್ಯದಿಂದ ಪಾನೀಯವನ್ನು ಮಾಡುವವನ ಮುಂದೆ ಎರಡು ಕೆಲಸಗಳಿರುತ್ತವೆ. ಧಾನ್ಯದಲ್ಲಿರುವುದು ಪಿಷ್ಟ. ಮದ್ಯಸಾರವನ್ನು ಉಂಟುಮಾಡುವ ಯೀಸ್ಟು ಎಂಬ ಸೂಕ್ಷ್ಮಜೀವಿಗೆ ಪಿಷ್ಟವನ್ನು ತಿನ್ನುವ ಶಕ್ತಿಯಿಲ್ಲ. ಅದಕ್ಕೆ ಸಕ್ಕರೆ ಬೇಕು. ಆದಕಾರಣ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವುದು ಮೊದಲನೆಯ ಕೆಲಸ. ಆ ಸಕ್ಕರೆಯನ್ನು ಯೀಸ್ಟಿಗೆ ಒಪ್ಪಿಸಿ ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಪಡೆಯುವುದು ಎರಡನೆಯ ಕೆಲಸ.

ಮೊದಲನೆಯ ಕೆಲಸಕ್ಕೆ ಲೋಕದ ಜನರು ಎರಡು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಧಾನ್ಯವನ್ನು ನೆನೆಸಿ ಮೊಳಕೆ ಬರಿಸುವುದು ಒಂದು. ಮೊಳೆಯುವ ಬೀಜವು ತನ್ನ ಸಸಿಯ ಪೋಷಣೆಗಾಗಿ ತನ್ನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳಲು ತೊಡಗುತ್ತದೆ. ಆ ಹೊತ್ತಿಗೆ ಅದನ್ನು ಒಣಗಿಸಿ ಪುಡಿಮಾಡಿ ಬಿಸಿನೀರಿನಲ್ಲಿ ಕಲಸಿದರೆ ಪಿಷ್ಟವು ಸಿಹಿಯಾಗುತ್ತದೆ. ಜವೆಗೋಧಿಯಿಂದ ಬಿಯರನ್ನು ಮಾಡುವ ಯೂರೋಪಿನ ಜನರೂ ರಾಗಿ ಜೋಳಗಳಿಂದ ಮಾಡುವ ಆಫ್ರಿಕದ ಜನರೂ ಈ ಮಾರ್ಗದವರು. ಬೇಯಿಸಿದ ಧಾನ್ಯದ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಯಿಸಿ ಅದರಿಂದ ಪಿಷ್ಟವನ್ನು ಕರಗಿಸುವುದು ಇನ್ನೊಂದು ಉಪಾಯ. ಚೀನ, ಜಪಾನು, ನೇಪಾಳ, ಸಿಕ್ಕಿಂಗಳಲ್ಲಿ ಇದು ರೂಢಿಯಲ್ಲಿದೆ. ದ್ರಾಕ್ಷಿಯ ರಸದಲ್ಲಿ, ಈಚಲ ಮರದ ರಸದಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುವುದರಿಂದ ಅಲ್ಲಿ ಈ ಮೊದಲ ಕೆಲಸವೇ ಇಲ್ಲ.

ಈ ಕ್ರಿಯೆಗಳ ಕಾರಣವು ತಿಳಿದುಬಂದುದು ಬಹು ಈಚೆಗೆ. ಮೊಳೆತ ಜವೆಗೋಧಿಯಿಂದ ಪಿಷ್ಟವನ್ನು ಕರಗಿಸುವ ದ್ರವ್ಯವನ್ನು ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ೧೮೩೩ರಲ್ಲಿ ಬೇರ್ಪಡಿಸಿದರು. ಪಾಸ್ತರನು ಬಿಯರಿನ ವಿಷಯವಾದ ತನ್ನ ಗ್ರಂಥವನ್ನು ಪ್ರಕಟಿಸಿದುದು ೧೮೭೬ರಲ್ಲಿ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್ಸೆನ್ ಎಂಬಾತನು ಒಂದೇ ಜಾತಿಯ ಶುದ್ಧವಾದ ಯೀಸ್ಟನ್ನು ಬೆಳೆಯಿಸಿ ಬಿಯರಿನ ತಯಾರಿಕೆಗೆ ಒದಗಿಸಿದುದು ೧೮೮೩ರಲ್ಲಿ. ಆದರೆ ಸುಮೇರಿಯದ ಜನರು ಬಿಯರಿನ ಅಧಿದೇವತೆಯಾದ ನಿಂಕಸಿಯನ್ನು ಸ್ತುತಿಸಿ ಹಾಡು ಕಟ್ಟಿ ಸುಮಾರು ೩೮೦೦ ವರ್ಷಗಳಾದುವು. ಕಾರಣವನ್ನು ತಿಳಿಯುವ ಮೊದಲೇ ಕೆಲಸವನ್ನು ತಿಳಿದಿದ್ದವರ ಚರಿತ್ರೆ ಇದು. ಹಾಗೆ ತಿಳಿದಿದ್ದವರಲ್ಲಿ ನಮ್ಮ ದೇಶದವರೂ ಇದ್ದರೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವು ನಮ್ಮ ಮೈಸೂರಿನಲ್ಲಿಯೇ ಬೆಳಕಿಗೆ ಬಂದಿತು.

ಮೈಸೂರು ಸಂಸ್ಥಾನದ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಕೆಲಸಮಾಡುತ್ತಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು, ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಬಂದಿದ್ದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲೀಷು ಅನುವಾದವನ್ನೂ ಪ್ರಕಟಿಸಿದರೆಂಬುದು ಸುಪ್ರಸಿದ್ಧವಾದ ಸಂಗತಿ. ರಾಜನೀತಿ, ಗೂಢಚಾರರು, ಕೋಟೆಕೊತ್ತಲಗಳು ಇವುಗಳಿಗಾಗಿ ಆ ಗ್ರಂಥವನ್ನು ಓದುವವರು ಬಹಳ. ಅದರ ಎರಡನೆಯ ಅಧಿಕರಣದಲ್ಲಿರುವ ಸುರಾಧ್ಯಕ್ಷನ ಪ್ರಕರಣವನ್ನು ಓದುವವರು ಕಡಮೆ. ಸುರಾಧ್ಯಕ್ಷನೆಂದರೆ ಮದ್ಯದ ತಯಾರಿಕೆಯನ್ನೂ ಮಾರಾಟವನ್ನೂ ನೋಡಿಕೊಳ್ಳುವ ಅಧಿಕಾರಿ. ಇಂದಿನ ಮಾತಿನಲ್ಲಿ ಅಬಕಾರಿ ಕಮಿಷನರು.

ಆ ಪ್ರಕರಣದಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಯ ಪಾನೀಯಗಳನ್ನು ಹೇಳಿ, ಅವುಗಳ ಪಾಕವನ್ನು ಅಳತೆಸಹಿತವಾಗಿ ಕೊಟ್ಟಿದೆ. ಆಸವಕ್ಕೆ ಬೇಲದ ಹಣ್ಣು, ಕಾಕಂಬಿ, ಜೇನು. ಮೈರೇಯಕ್ಕೆ ಬೆಲ್ಲವೂ ಮೆಣಸು ಹಿಪ್ಪಲಿಗಳೂ. ಧಾನ್ಯದ ಪಾನೀಯವಾದ ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ ಎಂಬ ಲೆಕ್ಕದಿಂದ ನೋಡಿದರೆ ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ ಎಂದಾಗುತ್ತದೆ.

ಈ ಕಿಣ್ವವೆಂಬುದೇನು? ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ದ್ರವ್ಯಕ್ಕೆ, ಎಂದರೆ ಎನ್‌ಜೈಮಿಗೆ, ಈ ಹೆಸರನ್ನು ಬಳಸುತ್ತೇವೆ. ಕೌಟಿಲ್ಯನಲ್ಲಿ ಅದು ಮದ್ಯವನ್ನು ಹುದುಗಿಸುವ ಹೆಪ್ಪು. ಅದನ್ನು ಮಾಡುವ ವಿಧಾನವನ್ನೂ ಅವನು ಹೇಳಿದ್ದಾನೆ: ಹಸಿಯದಾಗಲಿ ಬೇಯಿಸಿದುದಾಗಲಿ ಒಂದು ದ್ರೋಣ ಉದ್ದಿನ ಹಿಟ್ಟು, ಅದಕ್ಕಿಂತ ಹೆಚ್ಚಾದ ಅಕ್ಕಿ, ಮೋರಟ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು ಮತ್ತು ಅಕ್ಕಿ. ಅಕ್ಕಿಯ ಪಾಲು ಹೆಚ್ಚು. ಬಿಡದಿಯ ಹೋಟಲಿನವನು ರಾತ್ರಿ ರುಬ್ಬಿಡುವ ಹಿಟ್ಟಿನಲ್ಲಿಯೂ ಇರುವುದು ಈ ಜೋಡಿಯೇ.

ಇಷ್ಟರಿಂದಲೇ ಇಡ್ಲಿಯು ಸುರೆಯ ಹೆಪ್ಪಿನಿಂದ ಹುಟ್ಟಿತೆಂದು ನಾವು ಸಾಧಿಸಹೊರಟಿಲ್ಲ. ಚರಿತ್ರೆಯ ಸಾಕ್ಷ್ಯವು ಅಷ್ಟು ದೂರ ಹೋಗುವುದಿಲ್ಲ. ಕನ್ನಡದಲ್ಲಿ ಇಡ್ಲಿಯ ಹಳೆಯ ರೂಪವಾದ ಇಡ್ಡಲಿಗೆಯು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಕಾಣಬರುತ್ತದೆ. ಎರಡನೆಯ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಮೊಸರಿನ ತಿಳಿಯನ್ನೂ ಇಂಗು ಜೀರಿಗೆಗಳನ್ನೂ ಕೂಡಿಸುವ ಕ್ರಮವಿದೆ. ಸುಮಾರು ೧೧೩೦ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಬರೆದ ಮಾನಸೋಲ್ಲಾಸದಲ್ಲಿಯೂ ಉದ್ದಿನಿಂದ ಮಾಡುವ ಇಡ್ಡರಿಕೆಯ ಮಾತಿದೆ. ಈ ಹಳೆಯ ಇಡ್ಲಿಗಳಲ್ಲಿ ಅಕ್ಕಿಯ ಹೆಸರಿಲ್ಲ, ರಾತ್ರಿಯೆಲ್ಲ ಹುದುಗಿಸುವ ಮಾತೂ ಇಲ್ಲ. ಅಕ್ಕಿ ಉದ್ದುಗಳ ಜೋಡಿಯು ತಿಂಡಿಗಿಂತ ಮೊದಲು ಹೆಪ್ಪಿನಲ್ಲಿ ಕಾಣಿಸಿಕೊಂಡಿದೆ ಎಂಬಷ್ಟನ್ನು ಹೇಳಿ ನಿಲ್ಲಿಸುವುದು ಲೇಸು.

ಇಡ್ಲಿಯ ಹಿಟ್ಟಿನಲ್ಲಿ ರಾತ್ರಿ ನಡೆಯುವುದೇನೆಂಬುದನ್ನು ವಿಜ್ಞಾನಿಗಳು ಪರಿಶೀಲಿಸಿದ್ದಾರೆ. ಉದ್ದಿನ ಬೇಳೆಯ ಜೊತೆಯಲ್ಲಿಯೇ ಬರುವ ಲ್ಯೂಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿಯು ಹಿಟ್ಟಿನಲ್ಲಿ ಬೆಳೆದು ಹುಳಿಯನ್ನೂ ಇಂಗಾಲಾಮ್ಲ ವಾಯುವನ್ನೂ ಉಂಟುಮಾಡುತ್ತದೆ. ಉದ್ದಿನ ಅಂಟು ಆ ವಾಯುವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟು ಉಬ್ಬುತ್ತದೆ. ಇದೇ ವರ್ಗದ ಹುಳಿಯ ಜೀವಿಗಳು ಬಿಯರು ಮಾಡುವವನಿಗೆ ಶತ್ರುಗಳು. ಅವು ಸೇರಿದರೆ ಅವನ ಪೀಪಾಯಿಯೆಲ್ಲ ಹುಳಿಯಾಗಿ ಕೆಡುತ್ತದೆ. ಯೂರೋಪಿನವರು ಬಿಯರಿಗೆ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸುವುದು ಕಹಿಯ ರುಚಿಗಾಗಿ ಮಾತ್ರವಲ್ಲ. ಅದರ ಕಹಿಯು ಹುಳಿಯ ಜೀವಿಗಳನ್ನು ತಡೆದು ಯೀಸ್ಟಿಗೆ ಮಾತ್ರ ಎಡೆಕೊಡುತ್ತದೆ. ಒಂದೇ ಬಾಗಿಲಿನಲ್ಲಿ ಇಬ್ಬರು ಅತಿಥಿಗಳು ನಿಂತಿರುವಾಗ ಇಡ್ಲಿಯವಳು ಒಬ್ಬನನ್ನು ಕರೆದಳು, ಬಿಯರಿನವನು ಇನ್ನೊಬ್ಬನನ್ನು ಕರೆದನು. ಇಬ್ಬರ ಮನೆಗೆಲಸದಲ್ಲಿರುವ ಭೇದ ಇಷ್ಟೇ.

ಇನ್ನು ರಾಗಿಯ ವಿಚಾರ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಬಹು ಪ್ರಾಚೀನ ಕಾಲದಲ್ಲಿಯೇ ನಮ್ಮ ನಾಡಿಗೆ ಬಂದು, ಮಳೆ ಕಡಮೆಯಾದ ಕೆಮ್ಮಣ್ಣಿನ ಹೊಲಗಳಲ್ಲಿ ನೆಲೆಯೂರಿ, ಹಗೇವಿನಲ್ಲಿ ವರ್ಷಾಂತರ ಕೆಡದೆ ಉಳಿದು, ಬರಗಾಲದಲ್ಲಿ ಜನರನ್ನು ಸಲಹಿದ ಧಾನ್ಯ ಅದು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದ ಮಲ್ಲೇಶಿ, ದೇಶಿಕಾಚಾರ್ ಮೊದಲಾದ ವಿಜ್ಞಾನಿಗಳು ರಾಗಿಯ ಮೊಳಕೆಯನ್ನು ಪರೀಕ್ಷಿಸಿ, ಕಿರುಧಾನ್ಯಗಳಲ್ಲಿ ಮಾಲ್ಟು ಮಾಡುವುದಕ್ಕೆ ರಾಗಿಯು ವಿಶೇಷವಾಗಿ ಯೋಗ್ಯವೆಂದು ತೋರಿಸಿದರು. ಪಿಷ್ಟವನ್ನು ಕರಗಿಸುವ ಶಕ್ತಿ ಅದರಲ್ಲಿ ಅಷ್ಟು ಚೆನ್ನಾಗಿದೆ. ಮಾಗಡಿ ಸೀಮೆಯ ಅಜ್ಜಿಯರಿಗೆ ಈ ಮಾತು ಹೊಸದಲ್ಲ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡು ದಿನ ಬಿಟ್ಟು, ಬಿಳಿಯ ಮೊಳಕೆ ಕಂಡೊಡನೆ ನೆರಳಿನಲ್ಲಿಯೋ ಬಿಸಿಲಿನಲ್ಲಿಯೋ ಒಣಗಿಸಿ, ಕೈಯಿಂದ ಉಜ್ಜಿ ಮೊಳಕೆಯನ್ನು ಕಳೆದು, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿ ಮಗುವಿಗೆ ಕುಡಿಸುವರು. ಈ ಹಿಟ್ಟಿನ ಗಂಜಿಯು ಗಟ್ಟಿಯಾಗದೆ ತೆಳ್ಳಗೆ ಉಳಿಯುವುದರಿಂದ ಎಳೆಯ ಹೊಟ್ಟೆಗೆ ಹೆಚ್ಚು ಹಿಟ್ಟು ಸುಲಭವಾಗಿ ಸೇರುತ್ತದೆ. ಬಿಯರಿನ ಕಾರ್ಖಾನೆಯಲ್ಲಿ ಜವೆಗೋಧಿಗೆ ನಡೆಯುವ ಸಂಸ್ಕಾರವೂ ಇದೇ. ಹುರಿಯುವಾಗ ಕಾವು ಹೆಚ್ಚಿದರೆ ಪರಿಮಳವು ಹೆಚ್ಚಿ ಪಿಷ್ಟವನ್ನು ಕರಗಿಸುವ ಶಕ್ತಿಯು ನಾಶವಾಗುತ್ತದೆ ಎಂಬ ಎಚ್ಚರಿಕೆ ಮಾತ್ರ ಅಲ್ಲಿ ಅಧಿಕ.

ರಾಗಿಯು ತನ್ನ ತವರಿನಲ್ಲಿ ಇಂದಿಗೂ ಬಿಯರಿನ ಧಾನ್ಯ. ಉಗಾಂಡದ ತೇಸೋ ಜನರು ರಾಗಿಯ ಮೊಳಕೆಯಿಂದ ಅಜೋನ್ ಎಂಬ ಪಾನೀಯವನ್ನು ಮಾಡಿ, ಒಂದೇ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುವರು. ನೇಪಾಳ, ಸಿಕ್ಕಿಂಗಳ ಬೆಟ್ಟಗಳಲ್ಲಿ ಬೇಯಿಸಿದ ರಾಗಿಗೆ ಮಾರ್ಚಾ ಎಂಬ ಹೆಪ್ಪಿನ ಬಿಲ್ಲೆಯನ್ನು ಪುಡಿಮಾಡಿ ಕಲಸಿಟ್ಟು, ಹುದುಗಿದ ಮೇಲೆ ತೊಂಗ್ಬಾ ಎಂಬ ಪಾತ್ರೆಯಲ್ಲಿ ತುಂಬಿ ಬಿಸಿನೀರನ್ನು ಹೊಯ್ದು ಹೀರುವರು. ಮರಾಠಿ ಸೀಮೆಯಲ್ಲಿ ರಾಗಿಯಿಂದ ಬೋಜವೆಂಬ ಪಾನೀಯವನ್ನು ಮಾಡುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಸಸ್ಯಗ್ರಂಥಗಳು ಹೇಳುತ್ತವೆ. ರಾಗಿಯನ್ನೇ ಉಂಡು ಬೆಳೆದ ನಮ್ಮ ಸೀಮೆಯಲ್ಲಿ ಮಾತ್ರ ಮುದ್ದೆ, ಅಂಬಲಿ, ಹುರಿಹಿಟ್ಟುಗಳೇ ಮುಂದಾಗಿ ಪಾನೀಯವು ಹಿಂದಾಯಿತು.

ಅದಕ್ಕೆ ಈಚಲ ಮರವು ಒಂದು ಕಾರಣವೆಂದು ನಾವು ಊಹಿಸುತ್ತೇವೆ. ಹಳ್ಳದ ದಂಡೆಗಳಲ್ಲಿಯೂ ಕೆರೆಯ ಹಿಂದಣ ತಗ್ಗುಗಳಲ್ಲಿಯೂ ತಾನಾಗಿ ಬೆಳೆಯುವ ಈ ಮರದ ಕುತ್ತಿಗೆಯನ್ನು ಕೆತ್ತಿ ಮಡಕೆ ಕಟ್ಟಿದರೆ ಸಿಹಿಯಾದ ರಸವು ಇಳಿಯುತ್ತದೆ. ಗಾಳಿಯಲ್ಲಿರುವ ಯೀಸ್ಟು ಸೇರಿ ಕೆಲವು ಗಂಟೆಗಳಲ್ಲಿಯೇ ಅದು ಹೆಂಡವಾಗುತ್ತದೆ. ಮೊಳಕೆಯ ಶ್ರಮವಿಲ್ಲ, ಸೌದೆಯ ಖರ್ಚಿಲ್ಲ, ಉಣ್ಣುವ ಕಾಳಿಗೆ ನಷ್ಟವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಕೂಟದಲ್ಲಿದ್ದ ಹೆಂಡದ ಮಾರಯ್ಯನ ಹೆಸರೇ ಈ ಕಸುಬು ಎಷ್ಟು ಹಳೆಯದೆಂಬುದನ್ನೂ, ಅದನ್ನು ನಡೆಸಿದವನೂ ವಚನಕಾರನಾಗಬಹುದಾಗಿತ್ತೆಂಬುದನ್ನೂ ನೆನಪಿಗೆ ತರುತ್ತದೆ.

ಎರಡನೆಯ ಕಾರಣವು ಸರ್ಕಾರದ ಬೊಕ್ಕಸ. ಇಲ್ಲಿ ನಾವು ಮತ್ತೆ ಕೌಟಿಲ್ಯನ ಕಡೆಗೆ ನೋಡಬೇಕಾಗಿದೆ. ಅವನು ಮದ್ಯದ ವಿಷಯದಲ್ಲಿ ಉದಾರಿಯಲ್ಲ. ಪಾನಗೃಹಗಳ ಸಂಖ್ಯೆಗೆ ಮಿತಿ, ಊರಿನಿಂದ ಹೊರಕ್ಕೆ ಒಯ್ಯುವುದಕ್ಕೆ ತಡೆ, ಕುಡಿದವನ ಮೇಲೆ ಕಣ್ಣು, ಕದ್ದು ಮಾಡಿದವನಿಗೆ ದಂಡ, ಎಲ್ಲವೂ ಅವನಲ್ಲಿವೆ. ಆದರೂ ಅವನು ಗೃಹಸ್ಥನಿಗೆ ಒಂದು ಬಾಗಿಲನ್ನು ತೆರೆದಿಟ್ಟನು: ಶುಭಕಾರ್ಯಗಳಲ್ಲಿ ಕುಟುಂಬದವರು ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದು; ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಸುರೆಯನ್ನು ಮಾಡಲು ಅನುಮತಿಯುಂಟು. ಕಿಣ್ವಕ್ಕೆ ಸಂಬಂಧಿಸಿದ ಕೆಲಸವನ್ನು ಸ್ತ್ರೀಯರಿಗೂ ಮಕ್ಕಳಿಗೂ ವಹಿಸಬೇಕೆಂದೂ ಅವನು ಹೇಳಿದ್ದಾನೆ. ಹೆಪ್ಪಿನ ವಿದ್ಯೆ ಯಾರ ಕೈಯಲ್ಲಿತ್ತೆಂಬುದಕ್ಕೆ ಇದೊಂದು ಸುಳಿವು. ರಾಜನ ಆದಾಯವೂ ಗೃಹಸ್ಥನ ಮಡಕೆಯೂ ಒಂದೇ ಶಾಸನದಲ್ಲಿ ಜೊತೆಯಾಗಿ ಇರಬಹುದೆಂದು ಅವನು ಒಪ್ಪಿದ್ದನು.

ಹತ್ತೊಂಬತ್ತನೆಯ ಶತಮಾನದ ಅಬಕಾರಿಯು ಈ ಬಾಗಿಲನ್ನು ಮುಚ್ಚಿತು. ಮದ್ಯದ ಹಕ್ಕನ್ನು ಗುತ್ತಿಗೆಗೆ ಕೊಟ್ಟು ಹಣವೆತ್ತುವ ಪದ್ಧತಿಯು ಬೇರೂರಿದ ಮೇಲೆ ಗುತ್ತಿಗೆದಾರನ ಪಾಲಿಗೆ ಮನೆಯಲ್ಲಿ ಮಾಡುವ ಪಾನೀಯವೆಲ್ಲ ಕಳ್ಳಮಾಲು. ಈಚಲ ಮರವನ್ನು ಎಣಿಸಬಹುದು, ಅಂಗಡಿಯನ್ನು ಹರಾಜು ಹಾಕಬಹುದು. ಅಡುಗೆಮನೆಯ ಮಡಕೆಯನ್ನು ಎಣಿಸುವುದು ಯಾವ ಅಮಲ್ದಾರನಿಗೂ ಸಾಧ್ಯವಿಲ್ಲ. ಎಣಿಸಲಾಗದುದನ್ನು ನಿಷೇಧಿಸುವುದು ಸುಲಭ. ಮೈಸೂರು ಸಂಸ್ಥಾನದಲ್ಲಿ ೧೯೦೧ರ ಅಬಕಾರಿ ಶಾಸನವು ಈ ವ್ಯವಸ್ಥೆಗೆ ಕಟ್ಟುನಿಟ್ಟಾದ ರೂಪವನ್ನು ಕೊಟ್ಟಿತು. ಅಬಕಾರಿಯು ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಒಂದಾಯಿತು.

ಇದೇ ಕಾಲದಲ್ಲಿ ಇನ್ನೊಂದು ಕಡೆ ಬಿಯರು ಕಾರ್ಖಾನೆಯಲ್ಲಿ ತಲೆಯೆತ್ತಿತು. ಬೆಂಗಳೂರಿನ ದಂಡಿನಲ್ಲಿದ್ದ ಆಂಗ್ಲ ಸೈನಿಕರಿಗೆ ಬಿಯರು ಬೇಕಾಗಿತ್ತು. ನೀಲಗಿರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ನಡೆಯುತ್ತಿದ್ದ ಕೆಲವು ಬಿಯರಿನ ಕಾರ್ಖಾನೆಗಳನ್ನು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ೧೯೧೫ರಲ್ಲಿ ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. ೧೯೪೭ರಲ್ಲಿ ವಿಠಲ ಮಲ್ಯರು ಅದರ ಮೊದಲನೆಯ ಭಾರತೀಯ ನಿರ್ದೇಶಕರಾದರು. ಶಾಮಶಾಸ್ತ್ರಿಗಳ ಇಂಗ್ಲೀಷು ಅನುವಾದವೂ ಲೀಷ್‌ಮನ್ನನ ಸಂಸ್ಥೆಯೂ ಒಂದೇ ವರ್ಷದವು. ಮನೆಯ ಮಡಕೆಗೆ ಒಂದು ಕಾಲದಲ್ಲಿ ಇದ್ದ ಹಕ್ಕನ್ನು ಲೋಕವೆಲ್ಲ ಓದುವಂತಾದ ಆ ವರ್ಷದಲ್ಲಿಯೇ ಕಾರ್ಖಾನೆಯ ಪೀಪಾಯಿಯು ನಮ್ಮ ನಾಡಿನಲ್ಲಿ ಭದ್ರವಾಗಿ ನಿಂತಿತು.

ಮುಂದಿನ ಕಥೆಯನ್ನು ವರ್ಷಗಳ ಮೂಲಕವೇ ಹೇಳಬಹುದು. ೧೯೪೮ರಲ್ಲಿ ಮೈಸೂರಿನಲ್ಲಿ ಪಾನನಿರೋಧದ ಶಾಸನವಾಯಿತು. ೧೯೬೫ರಲ್ಲಿ ಇಂದಿಗೂ ಜಾರಿಯಲ್ಲಿರುವ ಅಬಕಾರಿ ಕಾಯಿದೆಯು ರಚಿತವಾಯಿತು. ೧೯೬೭ರಲ್ಲಿ ಪಾನನಿರೋಧವನ್ನು ತೆಗೆದುಹಾಕಲಾಯಿತು. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಪ್ರಾಣಬಿಟ್ಟರು. ಅವರಲ್ಲಿ ಬಹುಮಂದಿ ಬಡವರು. ೨೦೦೪ರಲ್ಲಿ ಕರಾವಳಿಯ ಎರಡು ಜಿಲ್ಲೆಗಳನ್ನು ಬಿಟ್ಟು ಉಳಿದ ಕಡೆ ಹೆಂಡವನ್ನು ನಿಲ್ಲಿಸಿದರು. ೨೦೦೭ರ ಜುಲೈ ಒಂದರಿಂದ ಸಾರಾಯಿಯ ಮಾರಾಟವೂ ನಿಂತಿತು. ಕಾರ್ಖಾನೆಯ ಬಿಯರು ಬ್ರಾಂದಿಗಳು ಮಾತ್ರ ಉಳಿದುವು. ಮಾಗಡಿಯ ತೋಪಿನಲ್ಲಿ ಈಚಲ ಮರ ಇದ್ದಲ್ಲಿಯೇ ಇದೆ. ಅದನ್ನು ಹತ್ತುವ ಕಸುಬು ಇಲ್ಲವಾಯಿತು.

ಈ ಸಂದರ್ಭದಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ನಮ್ಮ ಕರ್ತವ್ಯ. ಹುದುಗಿಸಿದ ಪಾನೀಯವೇ ಬೇರೆ, ಭಟ್ಟಿ ಇಳಿಸಿದ ಮದ್ಯವೇ ಬೇರೆ. ಸಾಧಾರಣವಾದ ಬಿಯರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರವಿದ್ದರೆ ಭಟ್ಟಿಯ ಮದ್ಯದಲ್ಲಿ ನಲವತ್ತಕ್ಕೂ ಮೀರಬಹುದು. ವಿಷಮದ್ಯದ ದುರಂತಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ಕೈಗಾರಿಕೆಗಾಗಿ ತಯಾರಿಸಿದ ಮೆಥನಾಲನ್ನು ಬೆರಸುವ ದುರಾಶೆ. ಧಾನ್ಯವನ್ನು ಹುದುಗಿಸುವ ಮಡಕೆಯಲ್ಲ. ಆದರೆ ಶಾಸನವು ಮನೆಯ ಮಡಕೆಯನ್ನೂ ಕಾಡಿನ ಭಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಅದರ ಫಲವಾಗಿ ಸೌಮ್ಯವಾದುದನ್ನು ತಿಳಿದವರು ಅದನ್ನು ಮರೆತರು. ತೀಕ್ಷ್ಣವಾದುದನ್ನು ಮಾರುವವರು ಕತ್ತಲೆಯಲ್ಲಿ ಬೆಳೆದರು.

ಹೊರದೇಶಗಳಲ್ಲಿಯೂ ಇಂಥ ಶಾಸನಗಳಿದ್ದುವು. ಇಂಗ್ಲೆಂಡಿನಲ್ಲಿ ಮನೆಯ ಬಿಯರಿಗೆ ಲೈಸೆನ್ಸು ಬೇಕೆಂಬ ನಿಯಮವನ್ನು ೧೯೬೩ರಲ್ಲಿ ಕೈಬಿಟ್ಟರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೭೮ರ ಕಾಯಿದೆಯಿಂದ, ಮನೆಯಲ್ಲಿ ಪ್ರಾಪ್ತವಯಸ್ಕರು ಇಬ್ಬರಿದ್ದರೆ ವರ್ಷಕ್ಕೆ ೨೦೦ ಗ್ಯಾಲನ್, ಒಬ್ಬರೇ ಇದ್ದರೆ ೧೦೦ ಗ್ಯಾಲನ್ ಬಿಯರನ್ನು, ಮಾರಾಟಕ್ಕಲ್ಲದೆ ಸ್ವಂತಕ್ಕೆ, ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದೆಂದಾಯಿತು. ಕೌಟಿಲ್ಯನ ಬಾಗಿಲನ್ನು ಅವರು ಬೇರೆ ಕೈಯಿಂದ ತೆರೆದರು. ಆ ದೇಶಗಳಲ್ಲಿ ನೆಲೆಸಿದ ನಮ್ಮ ಕುಟುಂಬದವರಲ್ಲಿ ಇದನ್ನು ಹವ್ಯಾಸವಾಗಿ ಮಾಡಲೆಣಿಸುವವರಿಗೆ ಅದರ ಕ್ರಮವು ಅಪರಿಚಿತವಾಗಿ ತೋರಲಾರದು. ಇಪ್ಪತ್ತು ಲೀಟರು ಬಿಯರಿಗೆ ನಾಲ್ಕೈದು ಕಿಲೋಗ್ರಾಂ ಜವೆಗೋಧಿಯ ಮಾಲ್ಟನ್ನು ಒಡಕಲಾಗಿ ಬೀಸಿ, ಸುಮಾರು ೬೫ ಡಿಗ್ರಿ ಸೆಂಟಿಗ್ರೇಡ್ ಕಾವಿನ ನೀರಿನಲ್ಲಿ ಒಂದು ಗಂಟೆ ಇಡುವರು; ಅದು ಪಾಯಸದಂತೆ ಸಿಹಿಯಾಗುತ್ತದೆ. ಶೋಧಿಸಿದ ರಸವನ್ನು ಹಾಪ್ಸಿನೊಡನೆ ಒಂದು ಗಂಟೆ ಕುದಿಸಿ, ಬೇಗನೆ ತಣಿಸಿ, ಶುಚಿಯಾದ ಪಾತ್ರೆಗೆ ಹೊಯ್ದು ಯೀಸ್ಟನ್ನು ಹಾಕಿ, ೨೦ ಡಿಗ್ರಿಯ ಸುಮಾರಿನಲ್ಲಿ ಒಂದೆರಡು ವಾರ ಬಿಡುವರು. ವಾಯುವು ಹೊರಹೋಗಲು ದಾರಿಯಿರಬೇಕು. ಹುದುಗು ಪೂರ್ಣವಾಗಿ ನಿಲ್ಲುವ ಮೊದಲು ಸೀಸೆಗೆ ತುಂಬಿದರೆ ಸೀಸೆಯು ಸಿಡಿಯುವುದು.

ರಾಗಿಯನ್ನು ಬಳಸುವವನು ಎರಡು ಸಂಗತಿಗಳನ್ನು ಅರಿತಿರಬೇಕು. ಜವೆಗೋಧಿಯ ಹೊಟ್ಟು ಶೋಧಿಸುವಾಗ ಜರಡಿಯಂತೆ ನಿಲ್ಲುತ್ತದೆ. ರಾಗಿಗೆ ಅಂಥ ಹೊಟ್ಟಿಲ್ಲವಾದುದರಿಂದ ರಸವು ಕಟ್ಟಿಕೊಳ್ಳುತ್ತದೆ. ಆಫ್ರಿಕದವರು ಶೋಧಿಸದೆ ಕೊಳವೆಯಿಂದ ಹೀರುವುದರ ಅರ್ಥ ಇಲ್ಲಿ ತಿಳಿಯುತ್ತದೆ. ಎರಡನೆಯದಾಗಿ, ರಾಗಿಯ ಪಿಷ್ಟವು ಬೇಯುವುದಕ್ಕೆ ಜವೆಗೋಧಿಯದಕ್ಕಿಂತ ಹೆಚ್ಚು ಕಾವು ಬೇಕು. ಅಷ್ಟು ಕಾವನ್ನು ಕೊಟ್ಟರೆ ಮೊಳಕೆಯ ಶಕ್ತಿ ಕುಂದುತ್ತದೆ. ಆದುದರಿಂದ ಮೊಳೆಯದ ರಾಗಿಯ ಹಿಟ್ಟನ್ನು ಮೊದಲು ಅಂಬಲಿಯಂತೆ ಬೇಯಿಸಿ, ೬೫ ಡಿಗ್ರಿಗೆ ಆರಿಸಿ, ಅನಂತರ ಮೊಳಕೆಯ ಹಿಟ್ಟನ್ನು ಸೇರಿಸುವುದು ಲೇಸು. ಜವೆಗೋಧಿಯ ಮಾಲ್ಟಿನೊಡನೆ ರಾಗಿಯನ್ನು ಮೂರರಲ್ಲೊಂದು ಪಾಲು ಕೂಡಿಸಿದರೆ ಎರಡು ತೊಡಕುಗಳೂ ಹಗುರವಾಗುತ್ತವೆ. ನಮ್ಮ ರಾಜ್ಯದಲ್ಲಿ ಲೈಸೆನ್ಸಿಲ್ಲದೆ ಇದನ್ನು ಮಾಡುವುದು ಇಂದಿಗೂ ಅಪರಾಧವೆಂಬುದನ್ನು ಶ್ರೋತೃಗಳು ಮರೆಯತಕ್ಕದ್ದಲ್ಲ. ೨೦೧೦ರ ಈಚೆಗೆ ಲೈಸೆನ್ಸು ಪಡೆದ ಚಿಕ್ಕ ಬಿಯರುಮನೆಗಳು ಬೆಂಗಳೂರಿನಲ್ಲಿ ಹುಟ್ಟಿಕೊಂಡಿವೆ. ಕೆಲವರು ರಾಗಿಯನ್ನೂ ಪ್ರಯೋಗಿಸಿದ್ದಾರೆ. ಸಂಯುಕ್ತ ರಾಷ್ಟ್ರಸಂಸ್ಥೆಯು ೨೦೨೩ನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದುದು ಇವರ ಉತ್ಸಾಹಕ್ಕೆ ಇಂಬುಕೊಟ್ಟಿತು.

ಪಾನದ ಪರವಾಗಿ ವಾದಿಸುವುದು ನಮ್ಮ ಉದ್ದೇಶವಲ್ಲ. ಕುಡಿತದಿಂದ ಕೆಟ್ಟ ಸಂಸಾರಗಳನ್ನು ನಮ್ಮ ನಾಡು ಬೇಕಾದಷ್ಟು ಕಂಡಿದೆ. ಸಾರಾಯಿಯ ವಿರುದ್ಧ ಬೀದಿಗಿಳಿದ ತಾಯಂದಿರ ಕಣ್ಣೀರು ಸುಳ್ಳಲ್ಲ. ಆದರೆ ಆ ತಾಯಂದಿರ ಕೈಯಲ್ಲಿಯೇ ಹುದುಗಿನ ವಿದ್ಯೆ ಇತ್ತೆಂಬುದೂ ಸುಳ್ಳಲ್ಲ. ಆ ವಿದ್ಯೆಯ ಒಂದು ಶಾಖೆಯನ್ನು ಸರ್ಕಾರದ ಬೊಕ್ಕಸವು ಕಿತ್ತುಕೊಂಡು ಗುತ್ತಿಗೆದಾರನಿಗೂ ಕಾರ್ಖಾನೆಗೂ ಕೊಟ್ಟಿತು. ತೆರಿಗೆಗೆ ಸಿಕ್ಕದ ಶಾಖೆಗಳು ಮಾತ್ರ ಅವರಲ್ಲಿ ಉಳಿದುವು. ಇಡ್ಲಿಗೆ ಅಬಕಾರಿಯಿಲ್ಲದುದರಿಂದ ಇಡ್ಲಿ ಉಳಿಯಿತು. ಅಂಬಲಿಗೆ ಗುತ್ತಿಗೆಯಿಲ್ಲದುದರಿಂದ ಅಂಬಲಿ ಉಳಿಯಿತು.

ಮೊಳಕೆಯ ಹಿಟ್ಟೂ ಈಗ ಡಬ್ಬಿಗಳಲ್ಲಿ ಅಂಗಡಿಯಿಂದ ಬರುತ್ತಿದೆ. ರುಬ್ಬಿದ ಇಡ್ಲಿಯ ಹಿಟ್ಟೂ ಪೊಟ್ಟಣಗಳಲ್ಲಿ ಬರುತ್ತಿದೆ. ಈ ಸಲ ಯಾವ ಶಾಸನವೂ ಒತ್ತಾಯಿಸಿಲ್ಲ; ನಾವೇ ಒಪ್ಪಿ ಬಿಟ್ಟುಕೊಡುತ್ತಿದ್ದೇವೆ. ರಾಗಿ ಎಷ್ಟು ಹೊತ್ತು ನೆನೆಯಬೇಕು, ಚಳಿಗಾಲದಲ್ಲಿ ಹಿಟ್ಟಿಗೆ ಎಷ್ಟು ಹೊತ್ತು ಬೇಕು, ಹುಳಿಯು ಯಾವ ವಾಸನೆಗೆ ತಿರುಗಿದರೆ ಕೆಟ್ಟಿತೆಂದು ತಿಳಿಯಬೇಕು ಎಂಬುದನ್ನು ಬಲ್ಲವರು ಬಿಡದಿ ಮಾಗಡಿಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಯಾವ ಲೈಸೆನ್ಸೂ ಬೇಕಾಗಿಲ್ಲ.